ಒಂದು ಒಳಲೆಯ ತೂಕದ ಕೂದಲು

ತಲೆಬುಡವಿಲ್ಲದ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಇದು ಅಂಥದ್ದಲ್ಲ, ಖರೇ ಕಥೆ. ಇದಕ್ಕೆ ತಲೆಯೂ ಇದೆ, ಬುಡವೂ ಇದೆ. ಆ ಬುಡ ಎಲ್ಲಿದೆ ಅಂತ ಹುಡುಕುವುದರಲ್ಲೇ ಚಚಡಿ ಎಂಬ ಊರಿನ ಒಂದು ಮನೆ ಒಂದು ಬೇಸಿಗೆಯನ್ನು ಕಳೆಯಿತು. ಕೂದಲೆಳೆಯಷ್ಟೂ ಸುಳ್ಳು ಬೆರೆಸದೆ ಹೇಳುತ್ತೇನೆ.

ಸುಭಾಸ ಆಗ ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎ. ಕಡೆಯ ವರ್ಷ. ಓದಿನಲ್ಲಿ ಹಿಂದೆ ಮುಂದೆ ಇದ್ದರೂ ಗಂಟಲಿನಲ್ಲಿ ಮಾತ್ರ ಊರೆಲ್ಲ ತುಂಬಿತ್ತು. ಸವದತ್ತಿ ಬಸ್ಸಿನ ಕಂಡಕ್ಟರ್, ಇತಿಹಾಸದ ಮಾಸ್ತರು, ಹಿಟ್ಟಿನ ಗಿರಣಿಯ ಬೆಲ್ಟು, ಯಾರ ದನಿ ಬೇಕೋ ತೆಗೆಯುತ್ತಿದ್ದ. ಅವ್ವ ಸಾವಿತ್ರೆವ್ವನ ದನಿಯಂತೂ ಕೈಮೇಲಿನ ಕಸುಬು. ಸಾವಿತ್ರೆವ್ವನದು ದೊಡ್ಡ ಮೂಗು, ಅದರ ತುಂಬ ಸದಾ ತಪಕೀರು. ಬೆರಳ ತುದಿಯಲ್ಲಿ ಚಿಟಿಕೆ ನಶ್ಯ ಏರಿಸಿಕೊಂಡು ಅವಳು ಮಾತಾಡಿದರೆ ಮಾತು ಬಾಯಿಂದಲ್ಲ, ಮೂಗಿನಿಂದ ಹೊರಡುತ್ತಿತ್ತು. ಸುಭಾಸ ಮೂಗನ್ನು ಎರಡು ಬೆರಳಲ್ಲಿ ಹಿಡಿದು, "ನಾಗರತ್ನಾ, ಮನಿ ಹೆಣ್ಣಮಗಳ ನಗಿ ಹೊಸ್ತಲಾ ದಾಟಬಾರದವಾ" ಅಂದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ವೈನಿ, ಅಣ್ಣನ ಹೆಂಡತಿ ನಾಗರತ್ನಾಳ ನಗು ಹೊಸ್ತಿಲು, ಕಟ್ಟೆ, ಓಣಿ ಎಲ್ಲ ದಾಟಿ ಕೋಟೆಯಂಥ ಹಳೇ ವಾಡೆಯ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ರೊಟ್ಟಿ ಹರಿಯುತ್ತಿತ್ತು. ಒಳಗಿಂದ ಸಾವಿತ್ರೆವ್ವ ಅದೇ ಮಾತನ್ನು ಅದೇ ಮೂಗಿನಲ್ಲಿ ಹೇಳುತ್ತಿದ್ದಳು. ನಗು ಇನ್ನೊಂದು ಸುತ್ತು ಹೋಗುತ್ತಿತ್ತು.

ವೈನಿಗೆ ಊರಲ್ಲಿ ಎರಡು ಹೆಸರಿದ್ದವು: ನಗೂ ನಾಗರತ್ನಾ, ಉದ್ದ ಹೆಳಲಿನ ನಾಗರತ್ನಾ. ರಾಮದುರ್ಗದಿಂದ ಮದುವೆಯಾಗಿ ಬಂದಾಗ ಅವಳ ಹೆಳಲು ಮೊಳಕಾಲಿಗೆ ಒಂದು ಗೇಣು ಕಡಿಮೆ ಇತ್ತು. ತಲೆ ಎರೆದುಕೊಂಡ ದಿನ ಹಿತ್ತಲ ತುಂಬ ಅದೇ ಒಣಗುತ್ತಿತ್ತು.

ತೊಂಬತ್ತೇಳರ ಬೇಸಿಗೆಯಲ್ಲಿ ಅವಳು ಬಸುರಾದಳು. ಸುಭಾಸನಿಗೆ ಹೊಸ ದನಿಯ ಹುಚ್ಚು ಹತ್ತಿತು. ತೊಟ್ಟಿಲ ಕೂಸಿನಂತೆ ಅಳುವುದನ್ನು ಕಲಿತ. "ವೈನಿ, ಹಿಂಗ ಅಳತೈತಿ ನೋಡ್ರಿ ಬರೂದು" ಎಂದು ಬಾಗಿಲ ಸಂದಿಯಿಂದ ಕುಂಯ್‌ಗುಟ್ಟಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುವಳು. "ಸಾಕೋ ಮಾರಾಯಾ, ಒಳಗಿಂದು ಕೇಳಿಸಿಕೊಂಡ ಕಲತಗೀತ ಮತ್ತ."

ಚೊಚ್ಚಲ ಹೆರಿಗೆ ತವರಲ್ಲಿ. ದೀಪಾವಳಿ ಮುಗಿಸಿ ರಾಮದುರ್ಗಕ್ಕೆ ಹೋದಳು. ಸಂಕ್ರಮಣ ಕಳೆದು ಮೂರನೇ ದಿನ ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು. ಸುಭಾಸನ ಅಣ್ಣ, ಅವಳ ಗಂಡ ನಿಜಗುಣಪ್ಪ ಆಗ ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ನಿಂತಿದ್ದ. ಕೂಸು ತುಂಬು ತಿಂಗಳಿಗೇ ಬಂದಿತ್ತು. ಆದರೆ ಅಳಲಿಲ್ಲ.

ಫೆಬ್ರವರಿ ಕೊನೆಗೆ ನಾಗರತ್ನಾ ಬರಿಗೈಲಿ ತಿರುಗಿ ಬಂದಳು. ಅವಳು ಬರುವ ಹಿಂದಿನ ದಿನ ಸಾವಿತ್ರೆವ್ವ ಇಬ್ಬರು ಮಕ್ಕಳನ್ನೂ ಪಡಸಾಲೆಯಲ್ಲಿ ಕೂಡಿಸಿಕೊಂಡಿದ್ದಳು.

"ಆ ಮಾತ ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ. ಎತ್ತಿದಷ್ಟೂ ಅಕಿ ಹೊಟ್ಟಿ ಉರೀತೈತಿ. ಏನೂ ಆಗೇ ಇಲ್ಲ ಅನ್ನೂಹಂಗ ಇರ್ರಿ. ಮರೀತಾಳ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಹೇಳುವಾಗ ಅವಳ ಮೂಗು ಕೆಂಪಾಗಿತ್ತು, ಆ ದಿನ ತಪಕೀರು ಮುಟ್ಟಿರಲಿಲ್ಲ. ನಿಜಗುಣಪ್ಪ ತಲೆ ಆಡಿಸಿ ಟ್ರ್ಯಾಕ್ಟರಿಗೆ ಗ್ರೀಸ್ ಹಚ್ಚಲು ಎದ್ದುಹೋದ. ಸುಭಾಸನೂ ಹೂಂ ಅಂದ. ಹೀಗೆ ಆ ಮನೆಯಲ್ಲಿ ಏನೂ ಆಗಲಿಲ್ಲ. ತಂದಿಟ್ಟಿದ್ದ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ವೈನಿ ಬಂದಳು, ರೊಟ್ಟಿ ಬಡಿದಳು, ನೀರು ತಂದಳು. ಸುಭಾಸ ಕಂಡಕ್ಟರನಾದ, ಮಾಸ್ತರಾದ, ಗಿರಣಿಯಾದ. ಅವಳು "ಚೊಲೋ ಮಾಡ್ತಿ" ಅಂದು ಹಂಚಿನ ಮೇಲಿನ ರೊಟ್ಟಿ ಮಗುಚುತ್ತಿದ್ದಳು. ಆ ಮನೆಯಲ್ಲಿ ಈಗ ಒಂದೂ ರೊಟ್ಟಿ ಹರಿಯುತ್ತಿರಲಿಲ್ಲ. ಕೂಸಿನ ದನಿಯನ್ನು ಸುಭಾಸ ಮತ್ತೆ ತೆಗೆಯಲಿಲ್ಲ.

ಯುಗಾದಿಗೆ ಹಾಸಿಗೆಯ ಮೇಲೆ ಕೂದಲು ಕಂಡಿತು. ಮೊದಲು ಎಳೆ, ಆಮೇಲೆ ಎಸಳು, ಆಮೇಲೆ ಬಾಚಲು ಹಣಗಿ ಹಾಕಿದರೆ ಮುಷ್ಟಿ. ಬೈತಲೆ ಎತ್ತಿನಬಂಡಿಯ ಹಾದಿಯಂತೆ ಅಗಲವಾಯಿತು. ತುರುಬು ಲಿಂಬೆಹಣ್ಣಿನಷ್ಟಕ್ಕೆ ಇಳಿಯಿತು. ಆಗ ಶುರುವಾಯಿತು ನೋಡಿ ಬುಡ ಹುಡುಕುವ ಕೆಲಸ. ಸಾವಿತ್ರೆವ್ವ ಹೇಳಿದಳು, "ಬೋರಿನ ನೀರ. ಅಕಿ ಮಲಪ್ರಭಾ ಹೊಳಿ ನೀರಾಗ ಬೆಳದಾಕಿ, ಈ ಸವಳ ಹಿಡಿಸಿಲ್ಲ." ಪಕ್ಕದ ಮನೆಯ ಕೆಂಪವ್ವ ಹೇಳಿದಳು, "ಆ ಶಾಂಪೂ ಚೀಟಿ. ನಾ ಸೀಗಿಕಾಯಿ ಬಿಟ್ಟ ಬ್ಯಾರೇದ ಮುಟ್ಟಿಲ್ಲ, ನೋಡ ನಂದ." ಕೆಂಪವ್ವನ ತಲೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಅದು ಬೇರೆ ಮಾತು. ಮಾರನೇ ದಿನ ಅವಳೇ ಬಂದು, ಅಲ್ಲ, ಅದು ಕಣ್ಣೆಸರು, ಉದ್ದ ಹೆಳಲಿಗೆ ಯಾರದೋ ದೃಷ್ಟಿ ತಾಗಿದೆ ಎಂದಳು. ನಿಜಗುಣಪ್ಪ ಮೂರು ದಿನ ವಿಚಾರ ಮಾಡಿ, "ಬಿಗದ ಹೆಣಕೋತಾಳ, ಅದಕ" ಎಂದ. ಎಲ್ಲರ ಮಾತಿಗೂ ಒಂದೊಂದು ಮದ್ದು. ದಾಸವಾಳದ ಎಲೆ ಅರೆದರು, ಮೆಂತ್ಯ ನೆನೆಸಿದರು, ಉಳ್ಳಾಗಡ್ಡಿ ರಸ ಹಚ್ಚಿದರು. ಮನೆಯೆಲ್ಲ ಭಜಿ ಅಂಗಡಿಯಂತೆ ನಾರಿತು. ನಾಗರತ್ನಾ ಯಾವುದಕ್ಕೂ ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ, ತಲೆ ಬಗ್ಗಿಸಿ ಕುಳಿತಳು. ಕೂದಲು ಉದುರಿತು.

ಕಡೆಗೆ ಬೈಲಹೊಂಗಲಕ್ಕೆ ಕರೆದುಕೊಂಡು ಹೋಗುವುದಾಯಿತು. ಸುಭಾಸನೇ ಮುಂದೆ. ಲೇಡಿ ಡಾಕ್ಟರ್ ವೈನಿಯನ್ನೂ ಅವ್ವನನ್ನೂ ಹಸಿರು ಪರದೆಯ ಒಳಗೆ ಕರೆದರು. ಸುಭಾಸ ಹೊರಗೆ ಬಾಕಿನ ಮೇಲೆ ಕುಳಿತ. ಪರದೆ ದನಿಗೆ ಅಡ್ಡ ಬರುವಷ್ಟು ದಪ್ಪ ಇರಲಿಲ್ಲ.

"ರಕ್ತ ಕಡಿಮಿ ಅದ," ಡಾಕ್ಟರ್ ಹೇಳುತ್ತಿದ್ದರು, "ಕಣ್ಣ ರೆಪ್ಪಿ ಒಳಗ ನೋಡ್ರಿ, ಬೆಳ್ಳಗ ಅದ. ಅದೂ ಒಂದು ಕಾರಣ. ಗಂಟಲದಾಗ ಥೈರಾಯ್ಡ್ ಅಂತ ಗ್ರಂಥಿ ಇರತದ, ಅದನ್ನೂ ತಪಾಸ ಮಾಡಿಸೋಣು. ಆದ್ರ ಒಮ್ಮಿಗೆ ಇಷ್ಟು ಉದುರೂದಂದ್ರ ಬ್ಯಾರೆ ಏನೋ ಇರಬೇಕು. ಕೂದಲಾ ಇವತ್ತ ಉದುರತಾವಂದ್ರ ಇವತ್ತಿಂದಲ್ರಿ ಅದು. ಮೈಗೋ ಮನಸಿಗೋ ದೊಡ್ಡ ಪೆಟ್ಟ ಬಿತ್ತಂದ್ರ ಬೇರು ಆವಾಗ ಕೆಲಸ ಬಿಡತಾವ. ಕೂದಲಾ ಎರಡ ಮೂರ ತಿಂಗಳ ತಡದು ಆಮ್ಯಾಲ ಬೀಳತಾವ. ಅದಕ ಹಿಂದಿಂದು ಕೇಳತೇನಿ. ಮೂರ ತಿಂಗಳ ಹಿಂದ ಟೈಫಾಯ್ಡ್ ಏನರ ಬಂದಿತ್ತೇನು?"

"ಇಲ್ರಿ," ಸಾವಿತ್ರೆವ್ವನ ದನಿ.

"ಹೆರಿಗಿ? ಮನ್ಯಾಗ ಏನರ ದುಃಖದ ಸುದ್ದಿ?"

ಅದಕ್ಕೂ ಆ ಮೂಗಿನ ದನಿಯದೇ ಉತ್ತರ.

"ಏನೂ ಆಗಿಲ್ರಿ."

"ಮಕ್ಕಳು?"

"ಇಲ್ರಿ."

ಡಾಕ್ಟರ್ ಚೀಟಿ ಬರೆಯತೊಡಗಿದರು. ಸುಳ್ಳೂ ಅಲ್ಲ ಅದು, ಮಕ್ಕಳು ಇರಲಿಲ್ಲ. ಸುಭಾಸ ಬಾಕಿನ ಮೇಲೆ ಕೂತು ತಿಂಗಳನ್ನು ಬೆರಳಿನ ಮೇಲೆ ಎಣಿಸಿದ: ಏಪ್ರಿಲ್, ಮಾರ್ಚ್, ಫೆಬ್ರವರಿ, ಜನವರಿ. ಬುಡ ಸಿಕ್ಕಿತ್ತು. ಎದ್ದು ಪರದೆ ಸರಿಸಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಷ್ಟು ದನಿ ತುಂಬಿಕೊಂಡಿದ್ದ ಗಂಟಲಿನಲ್ಲಿ ಒಂದೂ ಕೈಗೆ ಹತ್ತಲಿಲ್ಲ. ಕಬ್ಬಿಣಾಂಶದ ಗುಳಿಗೆ ಬರೆಸಿಕೊಂಡು ಮೂವರೂ ಬಸ್ಸು ಹತ್ತಿದರು. ವೈನಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು.

ಆ ದಿನದಿಂದ ಸುಭಾಸನಿಗೆ ಒಂದೇ ಹಟ. ಹೇಗಾದರೂ ಅವಳನ್ನು ಒಮ್ಮೆ ನಗಿಸಬೇಕು. ಹೇಳಬೇಕಾದ್ದನ್ನು ಹೇಳಲಾರದವನು ನಗಿಸಿ ತೀರಿಸಿಕೊಳ್ಳಲು ಹೊರಟಿದ್ದ. ಆಗಲೇ ಅವನಿಗೆ ಬುರಾನಸಾಬ ನೆನಪಾದದ್ದು.

ಬುರಾನಸಾಬ ಬೈಲಹೊಂಗಲದವನು. ತಿಂಗಳಿಗೊಮ್ಮೆ ಸೈಕಲ್ಲಿಗೆ ಸ್ಟೀಲಿನ ಭಾಂಡೆ ಪಾತ್ರೆ ಕಟ್ಟಿಕೊಂಡು ಬರುತ್ತಿದ್ದ. ರೊಕ್ಕಕ್ಕೆ ಕೊಡುವವನಲ್ಲ, ಕೂದಲಿಗೆ ಕೊಡುವವನು. ನಮ್ಮ ಕಡೆ ಹೆಣ್ಣುಮಕ್ಕಳು ಹಣಗಿಗೆ ಬಂದ ಕೂದಲನ್ನು ಒಗೆಯುವುದಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಹಿತ್ತಲ ಗೋಡೆಯ ಗೂಡಿನಲ್ಲಿ ಸಿಕ್ಕಿಸಿಡುತ್ತಾರೆ. ಒಂದು ಉಂಡೆಗೆ ಏರ್‌ಪಿನ್ನು, ಹತ್ತು ಉಂಡೆಗೆ ಹಣೆಗೆ ಹಚ್ಚುವ ಟಿಕಳಿ ಪಾಕೀಟು, ವರ್ಷಾನುಗಟ್ಟಲೆ ಕೂಡಿಟ್ಟರೆ ಒಂದು ಬಟ್ಟಲು. ಅವನ ಕೂಗು ದೊಡ್ಡ ಆಲಾಪ, ನಡುವೆ ಒಂದು ಕೆಮ್ಮು: "ಕೂದಲಾಽಽ... ತಲೀ ಕೂದಲಾಽಽ... ಖ್ಹೆಂ... ಹಾಕ್ರೀ ಕೂದಲಾ, ತಗೋರೀ ಭಾಂಡೇಽಽ." ಆ ಕೆಮ್ಮಿಲ್ಲದಿದ್ದರೆ ಕೂಗು ಪೂರ್ತಿ ಆಗುತ್ತಿರಲಿಲ್ಲ. ಕೆಮ್ಮನ್ನು ಪಳಗಿಸಲು ಸುಭಾಸ ಎರಡು ದಿನ ಹೊಲಕ್ಕೆ ಹೋಗಿ ಬಂದ.

ಮೇ ತಿಂಗಳ ಒಂದು ಸೋಮವಾರ, ಮುಂಜಾನೆ ಹತ್ತರ ಹೊತ್ತು. ಸಾವಿತ್ರೆವ್ವ ಒಳಗೆ ಕಾಳು ಹಸನು ಮಾಡುತ್ತಿದ್ದಳು. ಸುಭಾಸ ತಲೆಗೆ ಟಾವೆಲ್ ಸುತ್ತಿಕೊಂಡು ಎರಡು ಮುಚ್ಚಳ ಹಿಡಿದು ಹಿತ್ತಲ ಬಾಗಿಲ ಹೊರಗೆ ನಿಂತ. ವೈನಿ ಬಾಗಿಲು ತೆಗೆಯುತ್ತಾಳೆ, ಬುರಾನಸಾಬನ ಬದಲು ಮೈದುನನನ್ನು ನೋಡುತ್ತಾಳೆ, ನಗುತ್ತಾಳೆ. ಅಷ್ಟೇ ಲೆಕ್ಕ. ಮುಚ್ಚಳ ತಾಟಿಸಿ ಕೂಗಿದ, ಕೆಮ್ಮಿದ.

ಒಳಗೆ ದಡದಡ ಹೆಜ್ಜೆ ಸದ್ದಾಯಿತು.

"ಬುರಾನಣ್ಣಾ, ಹೋಗಬ್ಯಾಡ್ರಿ, ನಿಂದರ್ರಿ. ಬಾಗಲಾ ತಗಿಯಂಗಿಲ್ಲ, ತಲಿ ಎರಕೊಂಡೇನಿ, ಬರೇ ತಲೀಲೆ ಅದೇನಿ. ಇಲ್ಲಿಂದನ ಮಾತಾಡತೇನಿ."

"ನಿಂತೇನಿ ತಂಗೆವ್ವಾ," ಸುಭಾಸ ಬುರಾನಸಾಬನ ದನಿಯಲ್ಲೇ ಅಂದ. ನಗು ತಡೆದುಕೊಂಡಿದ್ದ.

"ಆ ಒಳಲಿ ಯಾರಿಗರ ಕೊಟ್ಟಬಿಟ್ರೇನ್ರಿ?"

ಒಳಲೆ ಅಂದರೆ ಹಸುಗೂಸಿನ ಬಾಯಿಗೆ ಹಾಲು ಹನಿಸುವ, ಮೂತಿ ಚಾಚಿದ ಪುಟ್ಟ ಬಟ್ಟಲು. ಸುಭಾಸನ ನಗು ಅಲ್ಲೇ ನಿಂತಿತು.

"ಯಾವ ಒಳಲಿ?"

"ಮರತ್ರೇನು? ಗಣಪತಿ ಹಬ್ಬದ ಮುಂದ ತೋರಿಸಿದ್ರೆಲ್ಲ. ನನ್ನ ಕಡೆ ಕೂದಲಾ ಕಡಿಮಿ ಇದ್ದು. ಇನ್ನೆರಡ ಮುಟಗಿ ಕೂಡಸವಾ, ಅಲ್ಲೀ ಮಟಾ ನಿನಗಂತನ ಇಟ್ಟಿರತೇನಿ ಅಂದಿದ್ರಿ. ಎರಡ ಸಲ ನೀವ ಬಂದ್ರೂ ನಾನ ಹೊರಗ ಬರಲಿಲ್ಲ. ಕೇಳತೀರೇನೋ ಅಂತ ಅಂಜಿ."

ಇಲ್ಲೇ ಟಾವೆಲ್ ಬಿಚ್ಚಿ 'ವೈನಿ, ನಾನು' ಎನ್ನಬೇಕಿತ್ತು. ಸುಭಾಸ ಬಾಯಿ ತೆರೆದ. ಹೊರಗೆ ಬಂದದ್ದು ಬುರಾನಸಾಬನ ದನಿ.

"ಐತಿ. ನಿಂದ ಐತಿ ಅದು."

"ಈಗ ಕೂದಲಾ ಸಾಕಷ್ಟ ಆಗ್ಯಾವ್ರಿ." ಬಾಗಿಲ ಆಚೆ ಏನೋ ಹಗುರಾದದ್ದು ನೆಲಕ್ಕೆ ಇಟ್ಟ ಸದ್ದು. "ಆವಾಗ ಎರಡ ಮುಟಗಿ ಕೂಡಲಿಲ್ಲ, ಈಗ ತಲಿದಿಂಬಿನ ಚೀಲ ತುಂಬೇತಿ. ಕೂಸಿಲ್ರಿ ಬುರಾನಣ್ಣಾ. ಆದ್ರೂ ಒಳಲಿ ನನಗ ಬೇಕ್ರಿ."

ಸುಭಾಸ ಕೈಯಲ್ಲಿದ್ದ ಮುಚ್ಚಳಗಳನ್ನು ಸದ್ದು ಮಾಡದಂತೆ ಎದೆಗೆ ಅವುಚಿಕೊಂಡ.

"ಡಾಕ್ಟರಬಾಯಿ ಕೇಳಿದ್ರು, ಮೂರ ತಿಂಗಳ ಹಿಂದ ಏನಾತಂತ. ನಮ್ಮತ್ತಿ ಏನೂ ಆಗಿಲ್ಲ ಅಂದ್ರು. ನಾನೂ ಸುಮ್ಮನ ಕುಂತೆ. ಏನೂ ಆಗದ ಇಷ್ಟ ಕೂದಲಾ ಹೆಂಗ ಹೋಗತಾವ್ರಿ? ಮನ್ಯಾಗ ನೀರಂತಾರ, ದೃಷ್ಟಿ ಅಂತಾರ. ಅಕಿ, ನನ್ನ ಕೂಸಿನ ಹೆಸರ ಯಾರೂ ತಗಿಯೂದಿಲ್ಲ. ಹೆಸರ ಇಟ್ಟಿದ್ದಿಲ್ಲ ಬಿಡ್ರಿ. ನಮ್ಮ ಮೈದುನ ಪಡದೆ ಹೊರಗ ಇದ್ದ. ಅಂವಗ ಎಲ್ಲಾ ಕೇಳಿಸಿತ್ತು. ಊರ ಮಂದಿ ದನಿಯೆಲ್ಲಾ ತಗೀತಾನ್ರಿ ಅಂವಾ. ಅವತ್ತ ಅಂವಂದ ದನಿ ಹೊಂಡಲಿಲ್ಲ."

ಬಿಸಿಲು ಏರುತ್ತಿತ್ತು. ಗೋಡೆಯ ಮೇಲೆ ಒಂದು ಅಳಿಲು ಇಬ್ಬರ ಕಡೆಯನ್ನೂ ನೋಡುತ್ತಾ ಕೂತಿತ್ತು. ಸುಭಾಸನಿಗೆ ಅವನದೇ ದನಿಯಲ್ಲಿ ಕೇಳಲಾಗದ ಮಾತೊಂದು ಮೂರು ತಿಂಗಳಿಂದ ಗಂಟಲಲ್ಲಿತ್ತು. ಅದನ್ನು ಬುರಾನಸಾಬನ ದನಿಯಲ್ಲಿ ಕೇಳಿದ.

"ಯಾರಂಗಿತ್ತು, ತಂಗೆವ್ವಾ?"

ಆಚೆ ಅವಳ ಬಳೆ ಬಾಗಿಲಿಗೆ ತಾಗಿದ ಸದ್ದಾಯಿತು.

"ಯಾರೂ ಕೇಳಿದ್ದಿಲ್ಲ ನೋಡ್ರಿ ಇದನ್ನ," ಅವಳು ಮೆಲ್ಲಗೆ ಅಂದಳು. "ತಲಿತುಂಬ ಕೂದಲಿತ್ತು. ಕರ್ರಗ. ಅವ್ವ ಒರಿಸಿ ಕೈಯಾಗ ಕೊಟ್ಟಳು. ಬೆಚ್ಚಗಿತ್ತು ಇನ್ನೂ. ನಾ ಒಂದ ಸಲ ಎಣ್ಣಿ ಹಚ್ಚೇನ್ರಿ ಅಕಿ ತಲಿಗೆ. ಒಂದ ಸಲ. ಆಮ್ಯಾಲ ಒಯ್ದರು."

ಅಷ್ಟರಲ್ಲಿ ಓಣಿಯ ಆ ತುದಿಯಿಂದ, ವಾಡೆಯ ಮೂಲೆಯಿಂದ, ಕೇಳಿಬಂತು: "ಕೂದಲಾಽಽ... ತಲೀ ಕೂದಲಾಽಽ... ಖ್ಹೆಂ..."

ಬಾಗಿಲ ಈಚೆ ಒಬ್ಬ ಬುರಾನಸಾಬ, ವಾಡೆಯ ಮೂಲೆಯಲ್ಲಿ ಇನ್ನೊಬ್ಬ. ಅಗಳಿ ಸರಿದ ಸದ್ದಾಯಿತು. ನಾಗರತ್ನಾ ನಿಂತಿದ್ದಳು. ಒದ್ದೆ ಕೂದಲು ನೆತ್ತಿಗೆ ಅಂಟಿ ಅಲ್ಲಲ್ಲಿ ಬಿಳಿ ಚರ್ಮ ಕಾಣುತ್ತಿತ್ತು. ಅವಳು ಮುಚ್ಚಿಕೊಳ್ಳಲಿಲ್ಲ. ಟಾವೆಲ್ಲು, ಮುಚ್ಚಳ, ಅವನ ಕಣ್ಣು, ಮೂರನ್ನೂ ನೋಡಿದಳು. ಅವನ ಕಣ್ಣು ಸುರಿಯುತ್ತಿತ್ತು.

"ವೈನಿ," ಅಂದ. ಅದು ಯಾರದೋ ಕೆಟ್ಟ ಅನುಕರಣೆಯಂತೆ ಒಡೆದು ಬಂತು.

"ಈಗ ಹೊಂಟಿತೇನಪಾ ನಿಂದ ದನಿ?" ಎಂದಳು. ಅಷ್ಟೇ. ಬೈಯಲಿಲ್ಲ.

ನಿಜವಾದ ಬುರಾನಸಾಬ ಸೈಕಲ್ಲು ತಳ್ಳಿಕೊಂಡು ಬಂದು ನಿಂತ. "ಇಂವ ಯಾರಪಾ, ನನ್ನ ಧಂದೇಕ ಇಳದಾಂವ?" ಎಂದು ಸುಭಾಸನ ಟಾವೆಲ್ ನೋಡಿದ. ಯಾರೂ ನಗದ್ದು ಕಂಡು ಅವಳ ಕಾಲಬಳಿಯ ಚೀಲದ ಕಡೆ ತಿರುಗಿದ. ಚೀಲ ಬಿಚ್ಚಿ ಒಂದು ಎಸಳು ತೆಗೆದು ಬಿಸಿಲಿಗೆ ಹಿಡಿದ. ಬೆರಳ ತುದಿಯಲ್ಲಿ ಬುಡ ಹುಡುಕಿದ.

"ಇದು ಹರದದ್ದಲ್ಲ, ಕತ್ತರಿಸಿದ್ದಲ್ಲ. ಬುಡಕ್ಕ ನೋಡ್ರಿ, ಬಿಳೇ ಗುಂಡ. ತಾನ ಕೈಬಿಟ್ಟ ಬಂದದ್ದು. ಮೂವತ್ತ ವರ್ಷಾತು ನಾ ಇದನ್ನ ಹಿಡಕೊಂತ. ಬಾಣಂತಿ ಕೂದಲಾ ಇದು. ಅಂಜಬ್ಯಾಡ ತಂಗೆವ್ವಾ, ನಮ್ಮ ಮಗಳ ಜೈಬುನ್ನಿಸಾಂದೂ ಹಿಂಗ ಹೋಗಿ ವರ್ಷ ತುಂಬೂದ್ರಾಗ ಬಂದ್ವು." ಜಾಕೀಟಿನ ಒಳಜೇಬಿನಿಂದ ಪೇಪರು ಸುತ್ತಿದ ಪುಟ್ಟ ವಸ್ತು ತೆಗೆದ. "ಭಾಂಡೇದಾಗ ಇಟ್ರ ನೆಗ್ಗತೈತಂತ ಕಿಸೇದಾಗ ಇಟಗೊಂಡ ಅಡ್ಡ್ಯಾಡೇನಿ. ಕೂಸ ಎಲ್ಲೈತಿ? ತಗೊಂಡ ಬಾ, ನೋಡೋಣು."

ಸಾವಿತ್ರೆವ್ವ ಆಗಲೇ ಹಿತ್ತಲಿಗೆ ಬಂದು ನಿಂತಿದ್ದಳು. ಸುಭಾಸ ಅವ್ವನ ಬಾಯಿಯನ್ನೇ ನೋಡಿದ. ಬಾಯಿ ತೆರೆಯಿತು. ಅದಕ್ಕೂ ಮುಂಚೆ ಅವನೇ ಹೇಳಿದ, ಅವನದೇ ದನಿಯಲ್ಲಿ:

"ಹೆಣ್ಣ ಆಗಿತ್ರಿ, ಬುರಾನಸಾಬ್. ಜನವರ್ಯಾಗ. ಉಳೀಲಿಲ್ಲ."

ಬುರಾನಸಾಬ ಚಾಚಿದ ಕೈಯನ್ನು ಹಿಂದೆ ತೆಗೆಯಲಿಲ್ಲ. "ಯಾ ಅಲ್ಲಾ" ಎಂದು, ಒಳಲೆಯನ್ನು ನಾಗರತ್ನಾಳ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ತಾನೇ ಮಡಚಿದ.

ಸಾವಿತ್ರೆವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಚೀಲದಲ್ಲಿದ್ದ ಕೂದಲನ್ನು ನೋಡಿದಳು. ಇಷ್ಟು ದಿನ ಸೊಸೆಯ ತಲೆಗೆ ತಾನು ಅರೆದು ಹಚ್ಚಿದ್ದೆಲ್ಲ ಆ ಚೀಲದಲ್ಲಿತ್ತು. ತಪಕೀರಿನ ಡಬ್ಬಿ ತೆಗೆದಳು, ತೆರೆಯಲಿಲ್ಲ.

"ಮರೀತಿ ಅನ್ಕೊಂಡಿದ್ದೆವಾ," ಅಂದಳು. ಆಮೇಲೆ, ಸೆರಗಿನಿಂದ ಮೂಗು ಒರೆಸಿಕೊಂಡು, "ಯಾರಂಗಿತ್ತು ಕೂಸು?"

ನಾಗರತ್ನಾ ಅತ್ತೆಯ ಮುಖ ನೋಡಿದಳು. "ನಿಮ್ಮಂಗ, ಅತ್ತಿ. ಕೂದಲಾ ನಂದು. ಮೂಗ ನಿಮ್ಮದು. ಇಷ್ಟಗಲ ಇತ್ತು."

ಸಾವಿತ್ರೆವ್ವನ ಕೈ ತನ್ನ ಮೂಗಿಗೆ ಹೋಯಿತು. ಅದನ್ನು ಈ ತುದಿಯಿಂದ ಆ ತುದಿಯವರೆಗೆ ಮುಟ್ಟಿ ನೋಡಿಕೊಂಡಳು. ಕಣ್ಣಲ್ಲಿ ನೀರು, ಮುಖದಲ್ಲಿ ದೊಡ್ಡ ಚಿಂತೆ. ಪೂರಾ ಮನಸ್ಸಿನಿಂದ, ಪೂರಾ ಮೂಗಿನಿಂದ ಹೇಳಿದಳು:

"ಅಯ್ಯ ಶಿವನ. ಹೆಣ್ಣಹುಡಿಗಿಗೆ ಈ ಮೂಗ ಕೊಟ್ಟ ಕಳಿಸಿದ್ನೇನವಾ?"

ಮೊದಲು ಬುರಾನಸಾಬ ಕೆಮ್ಮಿದ. ಅದು ಕೆಮ್ಮಾಗಿರಲಿಲ್ಲ. ಸುಭಾಸ ಮುಚ್ಚಳದಿಂದ ಮುಖ ಮುಚ್ಚಿಕೊಂಡ, ಮುಚ್ಚಳ ನಡುಗತೊಡಗಿತು. ಆಮೇಲೆ ನಾಗರತ್ನಾಳ ಎದೆಯೊಳಗಿಂದ ಏನೋ ಬಿಕ್ಕಿನಂತೆ ಏರಿ ಬಂತು, ಗಂಟಲಲ್ಲಿ ಒಂದು ಗಳಿಗೆ ಯಾವ ಕಡೆ ಹೋಗಲಿ ಎಂಬಂತೆ ನಿಂತಿತು. ಅವಳು ಒಳಲೆಯನ್ನು ಎದೆಗೆ ಒತ್ತಿ ಹಿಡಿದು, ಬಾಗಿಲ ಚೌಕಟ್ಟಿಗೆ ತಲೆ ಆನಿಸಿ, ಆ ಬೋಳು ಬೈತಲೆಯನ್ನು ಯಾರಿಂದಲೂ ಮುಚ್ಚಿಡದೆ, ಕೆನ್ನೆಯ ಮೇಲೆ ನೀರು ಇಳಿಯುತ್ತಿರುವಾಗಲೇ ನಕ್ಕಳು. ಸಾವಿತ್ರೆವ್ವನಿಗೂ ನಗು ಹತ್ತಿತು. ಬುರಾನಸಾಬ ನಕ್ಕ, ಸುಭಾಸ ನಕ್ಕ. ಆದರೆ ಎಲ್ಲರ ನಗುವಿನ ಮೇಲೆ ಅವಳದೇ ಒಂದು, ಹೊಸ್ತಿಲು ದಾಟಿ, ಓಣಿ ದಾಟಿ, ವಾಡೆಯ ಗೋಡೆಗೆ ಬಡಿದು ತಿರುಗಿ ಬಂತು. ಅಷ್ಟು ದೂರ ಹೋಗಬಾರದು ಎಂದು ಈ ಸಲ ಯಾರೂ ಹೇಳಲಿಲ್ಲ.